‘ಎಲ್ಲ ಚೆನ್ನಾಗಿದೆ’ ಎನ್ನುವ ಮನೆಗಳು

ಗಲ್ಫ್‌ನಿಂದ ಊರಿಗೆ, ಊರಿನಿಂದ ಗಲ್ಫ್‌ಗೆ ದಿನನಿತ್ಯ ಹೋಗಿ ಬರುವ ಫೋನ್ ಕರೆಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಮಾತು ಯಾವುದು ಗೊತ್ತೇ? ಸಲಾಮ್ ಬಿಟ್ಟರೆ “ಇಲ್ಲಿ ಎಲ್ಲ ಚೆನ್ನಾಗಿದೆ” ಎಂಬ ಮಾತೇ ಇರಬೇಕು. ಎರಡು ತಿಂಗಳಿನಿಂದ ಸಂಬಳ ಬಾರದ ಮಗ ದಮ್ಮಾಮ್‌ನಿಂದ ಉಮ್ಮನಿಗೆ ಹಾಗೆ ಹೇಳುತ್ತಾನೆ. ಸಕ್ಕರೆ ಕಾಯಿಲೆಯಿಂದಾಗಿ ಕಾಲಿನ ಗಾಯ ಮಾಗದೆ ನರಳುತ್ತಿರುವ ಉಮ್ಮನೂ ಅದನ್ನೇ ಹೇಳುತ್ತಾರೆ. ಬೆಳಿಗ್ಗೆಯಷ್ಟೇ ಕಿವಿಯ ಓಲೆ ಅಡವಿಟ್ಟು ಮಗಳ ಶಾಲಾ ಶುಲ್ಕ ಕಟ್ಟಿ ಬಂದ ಪತ್ನಿ, ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು, ವೀಡಿಯೋ ಕರೆಯ ಮುಂದೆ ನಗುತ್ತಾ ಕುಳಿತು ಮತ್ತೆ ಅದೇ ಮಾತನ್ನು ಹೇಳುತ್ತಾಳೆ.

ಇದನ್ನು ಸುಳ್ಳು ಎಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ದೂರದಲ್ಲಿರುವವರಿಗೆ ನೋವಾಗಬಾರದು ಎಂಬ ಪ್ರೀತಿಯೇ ಹಾಗೆ ಹೇಳಿಸುತ್ತದೆ. ಒಂದು ದಿನ, ಎರಡು ದಿನ ಹಾಗೆ ಹೇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಹತ್ತು ವರ್ಷ, ಹದಿನೈದು ವರ್ಷ ಒಂದು ಮನೆಯವರು ಪರಸ್ಪರ ಅದೊಂದೇ ಮಾತನ್ನು ಹೇಳಿಕೊಳ್ಳುತ್ತಾ ಹೋದರೆ ಏನಾಗುತ್ತದೆ? ಆ ಮನೆಯಲ್ಲಿ ಕೆಟ್ಟ ಸುದ್ದಿಗೆ ಕುಳಿತುಕೊಳ್ಳಲು ಜಾಗವೇ ಇಲ್ಲವಾಗುತ್ತದೆ. ಒಂದಲ್ಲ ಒಂದು ದಿನ ಅದು ಬಂದೇ ಬರುತ್ತದೆ. ಆಗ ಅದು ಬಾಗಿಲು ಮುರಿದು ಒಳಗೆ ನುಗ್ಗುತ್ತದೆ.

ಸಕಾರಾತ್ಮಕ ಚಿಂತನೆಯ ಬಗ್ಗೆ ಈಗ ಪುಸ್ತಕಗಳಿಗೆ ಬರವಿಲ್ಲ. ಶಾಲೆಗಳಲ್ಲೂ ಜಮಾಅತಿನ ಸಭಾಂಗಣಗಳಲ್ಲೂ ವ್ಯಕ್ತಿತ್ವ ವಿಕಸನ ಶಿಬಿರಗಳು ನಡೆಯುತ್ತವೆ. ಕನ್ನಡಿಯ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಹತ್ತು ಸಲ ಹೇಳಬೇಕು, ನಕಾರಾತ್ಮಕ ಮಾತು ಬಾಯಿಗೆ ಬರಲೇಬಾರದು ಎಂದು ಕಲಿಸುತ್ತಾರೆ. ಅಂಥ ಒಂದೆರಡು ಶಿಬಿರಗಳಲ್ಲಿ ನಾನೂ ಕುಳಿತಿದ್ದೇನೆ. ಮಧ್ಯಾಹ್ನದ ಊಟ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಸೋತು ಕುಳಿತ ಯುವಕರನ್ನು ಎಬ್ಬಿಸಿ ನಿಲ್ಲಿಸಲು ಅವು ಸ್ವಲ್ಪ ಮಟ್ಟಿಗೆ ಸಹಾಯಕವೂ ಆಗುತ್ತವೆ. ಆದರೆ ಕೆಟ್ಟದ್ದನ್ನು ಬಾಯಲ್ಲಿ ಹೇಳಿದರೆ ಅದೇ ನಿಜವಾಗುತ್ತದೆ ಎಂಬ ಹೆದರಿಕೆ ಇದೆಯಲ್ಲ, ಅದು ಹಳೆಯ ಶಕುನದ ನಂಬಿಕೆಯೇ ಹೊಸ ಅಂಗಿ ತೊಟ್ಟು ಬಂದದ್ದು. ಪ್ರವಾದಿವರ್ಯರು(ಸ) ಅಪಶಕುನವನ್ನು ತಳ್ಳಿಹಾಕಿದ್ದರು. ಒಳ್ಳೆಯ ಮಾತು ಕೇಳಿದಾಗ ಸಂತೋಷಪಡುತ್ತಿದ್ದರು. ಅದನ್ನು ಅರಬಿಯಲ್ಲಿ ‘ಫಅಲ್’ ಎನ್ನುತ್ತಾರೆ. ಒಳ್ಳೆಯದನ್ನು ನಿರೀಕ್ಷಿಸುವುದು ಬೇರೆ, ಕೆಟ್ಟದ್ದನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳುವುದು ಬೇರೆ.

ಹಿರಾದಿಂದ ಮನೆಗೆ

ಈ ವ್ಯತ್ಯಾಸವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಅವತೀರ್ಣವಾದ ಬಳಿಕ ಪ್ರವಾದಿವರ್ಯರು(ಸ) ಎಲ್ಲಿಗೆ ಬಂದರು? ನೇರವಾಗಿ ಮನೆಗೆ, ಪತ್ನಿ ಹ. ಖದೀಜಾರ(ರ) ಬಳಿಗೆ. ಎದೆ ನಡುಗುತ್ತಿತ್ತು. ತನಗೆ ಹೊದಿಸುವಂತೆ ಕೇಳಿಕೊಂಡರು. ನಡುಕ ಕಡಿಮೆಯಾದ ಮೇಲೆ ನಡೆದುದೆಲ್ಲವನ್ನೂ ವಿವರಿಸಿ, ತನ್ನ ಬಗ್ಗೆಯೇ ತನಗೆ ಭಯವಾಗುತ್ತಿದೆ ಎಂದರು. ಬುಖಾರಿಯಲ್ಲಿ ಬಂದಿರುವ ಈ ಘಟನೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಅದನ್ನು ಒಂದು ಮನೆಯ ಘಟನೆಯಾಗಿ ನೋಡಿದ್ದೇವೆಯೇ? ಮನುಕುಲದ ನಾಯಕತ್ವ ವಹಿಸಲಿದ್ದವರು ಪತ್ನಿಯ ಮುಂದೆ ಕುಳಿತು ನನಗೆ ಭಯವಾಗುತ್ತಿದೆ ಎಂದು ಹೇಳಿದರು. ಅವರ ಗೌರವಕ್ಕೆ ಅದರಿಂದ ಕೂದಲೆಳೆಯಷ್ಟೂ ಕುಂದುಂಟಾಗಲಿಲ್ಲ.

ಹ. ಖದೀಜಾ(ರ) ಕೊಟ್ಟ ಉತ್ತರವನ್ನೂ ನಿಧಾನವಾಗಿ ಗಮನಿಸಬೇಕು. ಏನೂ ಆಗಿಲ್ಲ, ಮಲಗಿಕೊಳ್ಳಿ, ಬೆಳಿಗ್ಗೆ ಎಲ್ಲ ಸರಿಹೋಗುತ್ತದೆ ಎಂದು ಅವರು ಹೇಳಲಿಲ್ಲ. ಅಲ್ಲಾಹನು ನಿಮ್ಮನ್ನು ಎಂದಿಗೂ ಅಪಮಾನಕ್ಕೀಡು ಮಾಡಲಾರ ಎಂದು ಆಣೆಯಿಟ್ಟು ಹೇಳಿದರು. ಅದಕ್ಕೆ ಕಾರಣಗಳನ್ನೂ ಕೊಟ್ಟರು. ನೀವು ಬಂಧುಗಳ ಸಂಬಂಧ ಕಾಪಾಡುತ್ತೀರಿ, ಅಶಕ್ತರ ಭಾರ ಹೊರುತ್ತೀರಿ, ಇಲ್ಲದವರಿಗೆ ಕೊಡುತ್ತೀರಿ, ಅತಿಥಿಗಳನ್ನು ಸತ್ಕರಿಸುತ್ತೀರಿ ಎಂದು ಪತಿಯ ಹದಿನೈದು ವರ್ಷಗಳ ಬದುಕನ್ನೇ ಅವರ ಮುಂದಿಟ್ಟರು. ಆ ಭರವಸೆ ಗಾಳಿಯಲ್ಲಿ ತೇಲಿ ಬಂದದ್ದಲ್ಲ, ಜೊತೆಯಾಗಿ ಬಾಳಿ ಕಂಡು ಹೇಳಿದ್ದು. ಅಷ್ಟಕ್ಕೇ ನಿಲ್ಲಿಸದೆ, ಪೂರ್ವ ಗ್ರಂಥಗಳ ಜ್ಞಾನವಿದ್ದ ತಮ್ಮ ಬಂಧು ವರಖ ಬಿನ್ ನೌಫಲ್‌ರ ಬಳಿಗೆ ಪತಿಯನ್ನು ಕರೆದೊಯ್ದರು. ಸಾಂತ್ವನ ಹೇಳಿದರು, ಕಾರಣ ಕೊಟ್ಟರು, ತಿಳಿದವರ ಬಳಿ ಕರೆದೊಯ್ದರು. ನಮ್ಮ ಮನೆಗಳಲ್ಲಿ ಗಂಡಸರು ಸಂಕಟ ಹೇಳಿಕೊಂಡಾಗ ಈ ಮೂರರಲ್ಲಿ ಎಷ್ಟು ಸಿಗುತ್ತದೆ? ಹೆಂಗಸರು ಹೇಳಿಕೊಂಡಾಗ?

ಅಳುವುದು ಭರವಸೆಗೆ ವಿರುದ್ಧ ಎಂಬ ತಪ್ಪು ಕಲ್ಪನೆಯೂ ನಮ್ಮಲ್ಲಿದೆ. ಮಗನನ್ನು ಕಳಕೊಂಡ ಹ. ಯಅ್‌ಖೂಬರು(ಅ) ದುಃಖದಿಂದ ಕಣ್ಣಿನ ದೃಷ್ಟಿಯನ್ನೇ ಕಳಕೊಂಡರು ಎಂದು ಕುರ್‌ಆನ್ ಹೇಳುತ್ತದೆ. ಅದೇ ಯಅ್‌ಖೂಬರು(ಅ) ಉಳಿದ ಮಕ್ಕಳನ್ನು ಕರೆದು, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ, ಹೋಗಿ ಯೂಸುಫನನ್ನು ಹುಡುಕಿ ಎಂದು ಕಳುಹಿಸಿದರು. ಕಣ್ಣೀರು ಸುರಿಸಿದವರೂ ಅವರೇ, ಹುಡುಕಲು ಕಳುಹಿಸಿದವರೂ ಅವರೇ.

ಎಲ್ಲರಿಗೂ ತಿಳಿದಿದ್ದ ಗುಟ್ಟು

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ, ಭಟ್ಕಳದ ಕಡೆಯಲ್ಲಿ ಗಲ್ಫ್‌ನ ಸಂಬಳವನ್ನೇ ನಂಬಿ ನಿಂತ ಮನೆಗಳು ಎಷ್ಟಿವೆ ಎಂದು ಬೇರೆ ಹೇಳಬೇಕಾಗಿಲ್ಲ. ಈ ಮನೆಗಳ ಮೇಲೆ ಹಿಂದೆಯೂ ಸಿಡಿಲು ಬಡಿದಿತ್ತು. 1990ರ ಆಗಸ್ಟ್‌ನಲ್ಲಿ ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಉಟ್ಟ ಬಟ್ಟೆಯಲ್ಲೇ ಮರಳಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆಗ ನಮ್ಮ ಸರಕಾರ ಅಲ್ಲಿಂದ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮಂದಿ ಭಾರತೀಯರನ್ನು ವಿಮಾನಗಳಲ್ಲಿ ಕರೆತಂದಿತ್ತು.

ಇತ್ತೀಚಿನ ಹೊಡೆತ ಹಾಗೆ ಒಮ್ಮೆಲೇ ಬೀಳಲಿಲ್ಲ. ಸೌದಿ ಅರೇಬಿಯಾದಲ್ಲಿ 2017ರ ಜುಲೈಯಿಂದ ಜೊತೆಗಿರುವ ಕುಟುಂಬದ ಪ್ರತಿಯೊಬ್ಬರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಜಾರಿಯಾಯಿತು. ವರ್ಷ ವರ್ಷ 100 ರಿಯಾಲ್‌ನಂತೆ ಏರುತ್ತಾ 2020ರ ಹೊತ್ತಿಗೆ ಅದು 400ಕ್ಕೆ ತಲುಪಿತು. ಪತ್ನಿ ಮತ್ತು ಮೂವರು ಮಕ್ಕಳಿರುವವರ ಲೆಕ್ಕ ಹಾಕಿ ನೋಡಿ: ತಿಂಗಳಿಗೆ 1,600 ರಿಯಾಲ್, ವರ್ಷಕ್ಕೆ 19,200. ಅದೂ ಇಖಾಮ ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. ಮಧ್ಯಮ ಸಂಬಳದವರಿಗೆ ಕುಟುಂಬವನ್ನು ಊರಿಗೆ ಕಳುಹಿಸದೆ ಬೇರೆ ದಾರಿ ಇರಲಿಲ್ಲ. ಆ ವರ್ಷಗಳಲ್ಲಿ ನಮ್ಮ ಮದ್ರಸಕ್ಕೆ ಸೇರಿದ ಹೊಸ ಮಕ್ಕಳಲ್ಲಿ ಕನ್ನಡದ ಅಕ್ಷರ ಬಾರದವರಿದ್ದರು, ಮಳೆಗಾಲವನ್ನೇ ಕಾಣದವರಿದ್ದರು. ಬಳಿಕ 2020ರಲ್ಲಿ ಕೊರೊನಾ ಬಂತು. ಮೇ ತಿಂಗಳಲ್ಲಿ ದುಬೈಯಿಂದ ಮಂಗಳೂರಿಗೆ ವಿಶೇಷ ವಿಮಾನ ಬಂದಿಳಿಯಿತು. ಅನಂತರ ಬಂದ ಒಂದೊಂದು ವಿಮಾನದಲ್ಲೂ ಕೆಲಸ ಕಳಕೊಂಡವರಿದ್ದರು.

ಅಂಥವರಲ್ಲಿ ಒಬ್ಬರು ನಮ್ಮ ಮೊಹಲ್ಲಾದವರು. ಹೆಸರು ಬೇಡ. ಸೌದಿಯ ಪೂರ್ವ ಪ್ರಾಂತ್ಯದ ಒಂದು ಕಂಪೆನಿಯಲ್ಲಿ 18 ವರ್ಷ ಎ.ಸಿ. ರಿಪೇರಿ ಮಾಡಿಕೊಂಡಿದ್ದವರು. ಕುಟುಂಬವನ್ನು 2018ರಲ್ಲೇ ಊರಿಗೆ ಕಳುಹಿಸಿದ್ದರು. ಎರಡು ವರ್ಷದ ಬಳಿಕ ಕಂಪೆನಿ ಅವರಿಗೂ ಎಕ್ಸಿಟ್ ಹೊಡೆದು ಕಳುಹಿಸಿತು. ಮನೆಗೆ ಬಂದವರು ಹೇಳಿದ್ದು ಮಾತ್ರ ಬೇರೆ: ರಜೆಯಲ್ಲಿ ಬಂದಿದ್ದೇನೆ, ಎಲ್ಲ ಸರಿಯಾದ ಮೇಲೆ ಕಂಪೆನಿ ಕರೆಯುತ್ತದೆ. ಮೂರು ತಿಂಗಳು ಹಾಗೆಯೇ ಕಳೆಯಿತು. ಹಿಂದೆ ರಜೆಯಲ್ಲಿ ಬಂದಾಗ ಇದ್ದಂತೆಯೇ ಮೀನು, ಮಾಂಸ, ನೆಂಟರ ಮನೆಗೆ ಹೋಗುವಾಗ ಕೈತುಂಬ ಉಡುಗೊರೆ, ಯಾರಾದರೂ ಕೇಳಿದರೆ ಸಾಲ. ರಾತ್ರಿ ಮಾತ್ರ ನಿದ್ದೆ ಇಲ್ಲ.

ಮದ್ರಸ ಮತ್ತೆ ತೆರೆದಾಗ ಅವರ ಎರಡನೇ ಮಗ ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಬಳಿ ನಿಂತ. “ಉಸ್ತಾದ್, ಉಪ್ಪ ಇನ್ನು ಹೋಗುವುದಿಲ್ಲ” ಎಂದ. ಯಾರು ಹೇಳಿದರು ಎಂದು ಕೇಳಿದೆ. “ಯಾರೂ ಹೇಳಲಿಲ್ಲ. ಈ ಸಲ ಪೆಟ್ಟಿಗೆಯಲ್ಲಿ ಚಳಿಯ ಕೋಟೂ ಇತ್ತು. ಅದನ್ನು ಯಾವಾಗಲೂ ರೂಮಿನಲ್ಲೇ ಬಿಟ್ಟು ಬರುತ್ತಿದ್ದರು.” ಹನ್ನೊಂದು ವರ್ಷದ ಹುಡುಗ! ತಂದೆ ಮಕ್ಕಳಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದರು. ಮಗ ಮೊದಲ ದಿನವೇ ಪೆಟ್ಟಿಗೆ ನೋಡಿ ತಿಳಿದುಕೊಂಡಿದ್ದ. ಪತ್ನಿಗೂ ತಿಳಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅವರ ತಾಯಿಗೂ ಸಂಶಯ ಬಂದಿತ್ತು. ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಎಲ್ಲರೂ ಸೇರಿ ಕಾಪಾಡುತ್ತಿದ್ದರು. ಮನೆಯಲ್ಲಿ ಎಲ್ಲ ಚೆನ್ನಾಗಿತ್ತು!

ಈ ಗಂಡಸು ಕೆಟ್ಟವರೇ? ಖಂಡಿತ ಅಲ್ಲ. ಯಜಮಾನನೆಂದರೆ ಹಣ ತರುವವನು ಎಂದು ಅವರಿಗೆ ಸಣ್ಣಂದಿನಿಂದ ಹೇಳಿಕೊಟ್ಟವರು ನಾವೇ. ಹಣ ನಿಂತ ದಿನ ಯಜಮಾನಿಕೆಯೂ ಹೋಯಿತು ಎಂದು ಅವರಿಗೆ ಅನಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ? ಕುರ್‌ಆನ್ ಪುರುಷರಿಗೆ ಬಳಸಿದ ‘ಖವ್ವಾಮ್’ ಎಂಬ ಪದದ ಮೂಲದಲ್ಲಿ ‘ಎದ್ದು ನಿಲ್ಲು’ ಎಂಬ ಅರ್ಥವಿದೆ. ಮನೆಯವರಿಗಾಗಿ ಎದ್ದು ನಿಂತು ನೋಡಿಕೊಳ್ಳುವವನು ಎಂದರ್ಥ. ಖರ್ಚು ವಹಿಸುವುದು ಆ ಹೊಣೆಯ ಒಂದು ಭಾಗ ಎಂಬುದು ನಿಜ. ಆದರೆ ಎಲ್ಲರೂ ಕುರುಬರು, ಪ್ರತಿಯೊಬ್ಬರನ್ನೂ ಅವರ ಮಂದೆಯ ಬಗ್ಗೆ ಕೇಳಲಾಗುವುದು ಎಂಬ ಆಶಯದ ಪ್ರಸಿದ್ಧ ಹದೀಸ್‌ನಲ್ಲಿ ಪುರುಷನ ಜೊತೆಗೆ ಮನೆಯ ಮಹಿಳೆಯನ್ನೂ, ಸೇವಕನನ್ನೂ ಹೊಣೆಗಾರರೆಂದು ಎಣಿಸಲಾಗಿದೆ. ನಾಯಕತ್ವವನ್ನು ಒಬ್ಬನ ತಲೆಯ ಮೇಲೆ ಮೂಟೆಯಂತೆ ಹೊರಿಸಿ ಉಳಿದವರು ಕೈಕಟ್ಟಿ ಕುಳಿತುಕೊಳ್ಳುವ ಮನೆ ಅದಲ್ಲ.

ಹುದೈಬಿಯಾದ ಡೇರೆಯಲ್ಲಿ

ನಾಯಕತ್ವ ಎಂದೊಡನೆ ನಮ್ಮ ಭಾಷಣಕಾರರಿಗೆ ಬದ್ರ್, ಮಕ್ಕಾ ವಿಜಯ ನೆನಪಾಗುತ್ತವೆ. ನನಗೆ ಹುದೈಬಿಯಾ ನೆನಪಾಗುತ್ತದೆ. ಹಿಜರಿ 6ನೇ ವರ್ಷ. ಸುಮಾರು 1,400 ಮಂದಿ ಸಂಗಾತಿಗಳು ಉಮ್ರಾ ಮಾಡಲೆಂದು ಇಹ್ರಾಮ್ ತೊಟ್ಟು ಮಕ್ಕಾದ ಹತ್ತಿರದವರೆಗೆ ಬಂದಿದ್ದರು. ಖುರೈಶರು ತಡೆದರು. ಅವರ ಕಡೆಯಿಂದ ಸಂಧಾನಕ್ಕಾಗಿ ಸುಹೈಲ್ ಬಿನ್ ಅಮ್ರ್ ಬಂದಾಗ ಪ್ರವಾದಿವರ್ಯರು(ಸ), ‘ಸುಲಭ’ ಎಂಬ ಅರ್ಥವಿರುವ ಆ ಹೆಸರನ್ನೇ ಶುಭವಾಗಿ ತೆಗೆದುಕೊಂಡು, ವಿಷಯ ಇನ್ನು ಸುಲಭವಾಯಿತು ಎಂದರು. ಮೇಲೆ ಹೇಳಿದ ‘ಫಅಲ್’ ಇದೇ. ಆದರೆ ಒಪ್ಪಂದದ ಷರತ್ತುಗಳು ಸಂಗಾತಿಗಳಿಗೆ ನುಂಗಲಾರದ ತುತ್ತಾದವು. ಈ ವರ್ಷ ಕಅಬಾವನ್ನು ಕಾಣದೆಯೇ ಮರಳಬೇಕು! ಬಲಿ ಅರ್ಪಿಸಿ ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ಯಾರೂ ಏಳಲಿಲ್ಲ. ಮೂರು ಬಾರಿ ಹೇಳಿದರೂ ಏಳಲಿಲ್ಲ. ಅವರಿಗಾಗಿ ಪ್ರಾಣ ಕೊಡಲು ಸಿದ್ಧರಿದ್ದ ಜನ ಅವರು. ದುಃಖ ಅವರನ್ನು ನೆಲಕ್ಕೆ ಅಂಟಿಸಿತ್ತು.

ಆಗ ಪ್ರವಾದಿವರ್ಯರು(ಸ) ಡೇರೆಯೊಳಗೆ ಹೋಗಿ ಪತ್ನಿ ಹ. ಉಮ್ಮು ಸಲಮಾರಿಗೆ(ರ) ವಿಷಯ ತಿಳಿಸಿದರು. ಅವರು ಕೊಟ್ಟ ಸಲಹೆ ಚಿಕ್ಕದು: ಹೊರಗೆ ಹೋಗಿ, ಯಾರೊಡನೆಯೂ ಒಂದು ಮಾತೂ ಆಡಬೇಡಿ, ನಿಮ್ಮ ಒಂಟೆಯನ್ನು ಬಲಿ ಕೊಡಿ, ಕ್ಷೌರಿಕನನ್ನು ಕರೆದು ತಲೆ ಬೋಳಿಸಿಕೊಳ್ಳಿ. ಅವರು ಹಾಗೆಯೇ ಮಾಡಿದರು. ನೋಡುತ್ತಿದ್ದವರೆಲ್ಲ ಎದ್ದರು, ಬಲಿ ಅರ್ಪಿಸಿದರು, ಪರಸ್ಪರರ ತಲೆ ಬೋಳಿಸತೊಡಗಿದರು. 1,400 ಮಂದಿಯ ಬಿಕ್ಕಟ್ಟು ಒಂದು ಡೇರೆಯೊಳಗೆ, ಗಂಡ ಹೆಂಡಿರ ಮಾತುಕತೆಯಲ್ಲಿ ಬಗೆಹರಿಯಿತು. ದಿವ್ಯವಾಣಿ ಬರುತ್ತಿದ್ದ ಪ್ರವಾದಿ(ಸ) ಪತ್ನಿಯೊಡನೆ ಹೇಳಿಕೊಂಡರು, ಆಕೆಯ ಮಾತು ಕೇಳಿದರು. ನಮ್ಮಲ್ಲಿ ಕೆಲವರಿಗೆ ಟೆರೇಸಿಗೆ ಶೀಟು ಹಾಕಿಸುವ ವಿಷಯವನ್ನೂ ಹೆಂಡತಿಯೊಡನೆ ಚರ್ಚಿಸುವುದೆಂದರೆ ಅವಮಾನ.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಮಹಿಳೆಯರ ಸಲಹೆ ಕೇಳಿ, ಆದರೆ ಅದಕ್ಕೆ ವಿರುದ್ಧವಾಗಿ ನಡೆಯಿರಿ ಎಂಬ ಅರ್ಥದ ಮಾತೊಂದು ಹದೀಸ್ ಎಂಬ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ಓಡಾಡುತ್ತದೆ. ಮದುವೆ ಮನೆಯ ಹರಟೆಯಲ್ಲಿ ಅದನ್ನು ಹೇಳಿ ನಗುವವರಿದ್ದಾರೆ. ಪ್ರವಾದಿವರ್ಯರ(ಸ) ಮಾತಾಗಿ ಅದಕ್ಕೆ ಯಾವ ಆಧಾರವೂ ಇಲ್ಲವೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಅದನ್ನು ಅಲ್ಲಗಳೆಯಲು ಹುದೈಬಿಯಾದ ಈ ಘಟನೆಯನ್ನೇ ಮುಂದಿಟ್ಟವರೂ ಇದ್ದಾರೆ. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಸುಳ್ಳು ಹೇಳುವುದು ಎಷ್ಟು ದೊಡ್ಡ ಪಾಪವೆಂದು ಬಲ್ಲವರು ಇನ್ನಾದರೂ ನಾಲಿಗೆಯನ್ನು ಬಿಗಿಹಿಡಿಯಲಿ.

ಸಮಾಲೋಚನೆ ರಾಜ್ಯಭಾರಕ್ಕೆ, ಜಮಾಅತ್ ಕಮಿಟಿಗೆ ಸಂಬಂಧಿಸಿದ್ದು ಎಂದು ನಾವು ತಿಳಿದುಕೊಂಡಿದ್ದೇವೆ. ‘ಅಶ್ಶೂರಾ’ ಎಂಬ ಅಧ್ಯಾಯ ಅವತೀರ್ಣವಾದದ್ದು ಮಕ್ಕಾದಲ್ಲಿ. ಆಗ ಮುಸ್ಲಿಮರಿಗೆ ರಾಜ್ಯವೂ ಇರಲಿಲ್ಲ, ಸೇನೆಯೂ ಇರಲಿಲ್ಲ. ಹಿಂಸೆಗೊಳಗಾಗಿದ್ದ ಒಂದಷ್ಟು ಮನೆಗಳಿದ್ದವು ಅಷ್ಟೆ. ಅಂಥವರ ಗುಣಗಳನ್ನು ಹೇಳುತ್ತಾ ಕುರ್‌ಆನ್, ನಮಾಝ್ ಮತ್ತು ದಾನದ ನಡುವೆ ಪರಸ್ಪರ ಸಮಾಲೋಚನೆಯನ್ನು ಸೇರಿಸಿತು. ಅಲ್‌ಬಖರ ಅಧ್ಯಾಯದ 233ನೇ ಸೂಕ್ತವಂತೂ ಇನ್ನೂ ಸ್ಪಷ್ಟ. ಎರಡು ವರ್ಷ ತುಂಬುವ ಮೊದಲೇ ಮಗುವಿಗೆ ಮೊಲೆ ಬಿಡಿಸುವುದಿದ್ದರೆ ತಂದೆ ತಾಯಿ ಇಬ್ಬರೂ ಪರಸ್ಪರ ಒಪ್ಪಿ, ಸಮಾಲೋಚಿಸಿ ಬಿಡಿಸಿದರೆ ತಪ್ಪಿಲ್ಲ ಎನ್ನುತ್ತದೆ. ಮೊಲೆ ಬಿಡಿಸುವ ವಿಷಯದಲ್ಲೂ ಸಮಾಲೋಚನೆ! ಹ. ಇಬ್ರಾಹೀಮರು(ಅ) ತನಗೆ ಬಿದ್ದ ಕನಸನ್ನು ಎಳೆಯ ಮಗನಿಗೆ ತಿಳಿಸಿ, ನಿನ್ನ ಅಭಿಪ್ರಾಯವೇನು ಎಂದು ಕೇಳಿದ್ದೂ ಕುರ್‌ಆನಿನಲ್ಲಿದೆ.

ಸಲಹೆ ಕೇಳಿ ನಡೆದು ಸೋತರೆ? ಅದಕ್ಕೂ ಉತ್ತರವಿದೆ. ಹಿಜರಿ 3ರಲ್ಲಿ ಮದೀನದೊಳಗೇ ನಿಂತು ಎದುರಿಸೋಣ ಎಂಬುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಯುವಕರು ಹೊರಗೆ ಹೋಗಿ ಹೋರಾಡಲು ಬಯಸಿದರು. ಅವರ ಮಾತಿಗೆ ಬೆಲೆ ಕೊಟ್ಟು ಉಹುದ್‌ಗೆ ಹೊರಟರು. ಕಾವಲಿಗೆ ನಿಲ್ಲಿಸಿದ್ದ ಬಿಲ್ಲುಗಾರರಲ್ಲಿ ಹೆಚ್ಚಿನವರು ಜಾಗ ಬಿಟ್ಟದ್ದರಿಂದ ಸುಮಾರು 70 ಮಂದಿ ಹುತಾತ್ಮರಾದರು, ಸ್ವತಃ ಪ್ರವಾದಿವರ್ಯರು(ಸ) ಗಾಯಗೊಂಡರು. ಇನ್ನು ಮುಂದೆ ಇವರನ್ನು ಕೇಳಬೇಡಿ ಎಂದು ಅಲ್ಲಾಹನು ಹೇಳಿದನೇ? ಇಲ್ಲ. ಅದೇ ಸಂದರ್ಭಕ್ಕೆ ಸಂಬಂಧಿಸಿ ಅವತೀರ್ಣವಾದ ಸೂಕ್ತಗಳಲ್ಲಿ, ಅವರನ್ನು ಕ್ಷಮಿಸಿ, ಅವರಿಗಾಗಿ ಪಾಪವಿಮೋಚನೆ ಬೇಡಿ, ವ್ಯವಹಾರಗಳಲ್ಲಿ ಅವರೊಡನೆ ಸಮಾಲೋಚಿಸಿ ಎಂಬ ಆದೇಶ ಬಂತು. “ಅಂದು ನಿನ್ನ ಮಾತು ಕೇಳಿ ಹೀಗಾಯಿತು” ಎಂದು ಇಪ್ಪತ್ತು ವರ್ಷಗಳಿಂದ ಹೆಂಡತಿಗೆ ಚುಚ್ಚುತ್ತಿರುವವರು ಆಲ್ ಇಮ್ರಾನ್ ಅಧ್ಯಾಯದ 159ನೇ ಸೂಕ್ತವನ್ನು ಒಮ್ಮೆ ಅರ್ಥಸಹಿತ ಓದಲಿ.

ನೋಟು ಪುಸ್ತಕ

ಎ.ಸಿ. ರಿಪೇರಿಯ ಆ ಸಹೋದರರ ಮನೆಗೆ ಮರಳೋಣ. ಮಾತು ತೆರೆದದ್ದು ಅವರಲ್ಲ, ಅವರ ಪತ್ನಿ. ಒಂದು ರಾತ್ರಿ ಇಶಾ ನಮಾಝಿನ ಬಳಿಕ ಆಕೆ 200 ಪುಟದ ನೋಟು ಪುಸ್ತಕವೊಂದನ್ನು ತಂದು ಗಂಡನ ಮುಂದೆ ಇಟ್ಟರಂತೆ. 2018ರಲ್ಲಿ ಊರಿಗೆ ಬಂದ ತಿಂಗಳಿನಿಂದ ಅಂದಿನವರೆಗೆ ಬಂದ ಹಣ, ಹೋದ ಹಣ ಎಲ್ಲವೂ ಅದರಲ್ಲಿತ್ತು. ಅತ್ತೆಯ ಮದ್ದು, ಕರೆಂಟ್ ಬಿಲ್, ಹಂಚು ಬದಲಿಸಿದ ಕೂಲಿ, ಬಾವಿಯ ಪಂಪು ಕೆಟ್ಟದ್ದು, ಊರಿನ ಹೆಂಗಸರ ಜೊತೆ ಕಟ್ಟುತ್ತಿದ್ದ ಚೀಟಿಯ ಕಂತು. ಗಂಡನಿಗೆ ಈ ಯಾವುದರ ಪರಿವೆಯೂ ಇರಲಿಲ್ಲ. ತಾನು ಹಣ ಕಳುಹಿಸಿ ಮನೆ ನಡೆಸುತ್ತಿದ್ದೇನೆ ಎಂದೇ ಅವರು ಭಾವಿಸಿದ್ದರು. ಮನೆ ನಡೆಸುತ್ತಿದ್ದವರು ಯಾರೆಂದು ಆ ರಾತ್ರಿ ಗೊತ್ತಾಯಿತು.

ಗಲ್ಫ್‌ನವರ ಹೆಂಡಂದಿರ ಬಗ್ಗೆ ನಮ್ಮಲ್ಲಿ ಎಷ್ಟು ಹಗುರವಾಗಿ ಮಾತಾಡುತ್ತಾರೆ! ಮಾಲ್‌ಗೆ ಹೋದಳು, ಆಟೋದಲ್ಲಿ ಹೋದಳು ಎಂದು ಲೆಕ್ಕ ಇಡುವವರು, ರಾತ್ರಿ ಎರಡು ಗಂಟೆಗೆ ಮಾವನಿಗೆ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಕೊಂಡೊಯ್ದವಳು ಯಾರೆಂದು ಕೇಳುವುದಿಲ್ಲ. ರೇಷನ್ ಕಾರ್ಡು, ಶಾಲೆಯ ಸಭೆ, ಜಾಗದ ದಾಖಲೆ, ನೆರೆಯವನ ಗಡಿ ತಕರಾರು ಎಲ್ಲವನ್ನೂ ಆಕೆಯೇ ನೋಡಿಕೊಂಡಿರುತ್ತಾಳೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳಿಗೆ ಬರುವ ಗಂಡ ಅತಿಥಿಯಂತಿರುತ್ತಾನೆ. ಆ ಅತಿಥಿ ಒಂದು ದಿನ ಖಾಯಂ ಆಗಿ ಬಂದು, ಅಕ್ಕಿ ಆ ಅಂಗಡಿಯಿಂದಲೇ ಯಾಕೆ, ಮಗಳು ಐದು ಗಂಟೆಗೆ ಯಾಕೆ ಬರುವುದು ಎಂದು ಪ್ರಶ್ನಿಸತೊಡಗಿದರೆ ಜಗಳ ಹುಟ್ಟದೆ ಇರುತ್ತದೆಯೇ? ಆಕೆಗೂ ಕಷ್ಟವಿದೆ. ಇಷ್ಟು ವರ್ಷ ಒಬ್ಬಳೇ ತೀರ್ಮಾನಿಸಿ ಅಭ್ಯಾಸವಾದವಳಿಗೆ ಈಗ ಪ್ರತಿಯೊಂದನ್ನೂ ಇನ್ನೊಬ್ಬರಲ್ಲಿ ಕೇಳಬೇಕು. ಸಮಾಲೋಚನೆಯ ಪಾಠ ಗಂಡನಿಗೆ ಮಾತ್ರ ಅನ್ವಯಿಸುವುದಲ್ಲ.

ಮರುದಿನ ಶುಕ್ರವಾರ ಅವರೆಲ್ಲ ಕುಳಿತರು. ಅಜ್ಜಿ, ಗಂಡ ಹೆಂಡತಿ, ಪಿಯುಸಿ ಓದುತ್ತಿದ್ದ ಮಗಳು, ಇಬ್ಬರು ಗಂಡುಮಕ್ಕಳು. ಕೆಲಸ ಹೋಗಿದೆ ಎಂದು ಅವರು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಅಜ್ಜಿ, “ಅಲ್‌ಹಮ್ದುಲಿಲ್ಲಾಹ್, ಮಗ ಜೀವಂತ ಬಂದಿದ್ದಾನಲ್ಲ” ಎಂದು ಶಾಲಿನಲ್ಲಿ ಕಣ್ಣು ಒರೆಸಿಕೊಂಡರಂತೆ. ಆ ಕೊರೊನಾದ ದಿನಗಳಲ್ಲಿ ಅದು ಬರೀ ಮಾತಾಗಿರಲಿಲ್ಲ. ಅವರ ಯೋಜನೆ ದೊಡ್ಡದಿತ್ತು: ಇರುವ ಹತ್ತು ಸೆಂಟ್ಸ್ ಜಾಗ ಮಾರಿ, ಪಾಲುದಾರನೊಬ್ಬನ ಜೊತೆ ಎ.ಸಿ., ಫ್ರಿಜ್ ಮಾರುವ ಅಂಗಡಿ ತೆರೆಯುವುದು. ಮಗಳು ತಲೆ ತಗ್ಗಿಸಿಕೊಂಡೇ ಕೇಳಿದಳು: “ಉಪ್ಪ, ನಿಮಗೆ ಗೊತ್ತಿರುವುದು ರಿಪೇರಿ. ಮಾರುವ ಅಂಗಡಿ ಯಾಕೆ?”

ಅವರಿಗೆ ಸಿಟ್ಟು ಬಂತು. ಅಂಗಡಿಯಲ್ಲಿ ಕುಳಿತರೆ ಮುದಲಾಳಿ, ಚೀಲ ಹಿಡಿದು ಮನೆ ಮನೆಗೆ ಹೋದರೆ ಕೆಲಸದವ. 18 ವರ್ಷ ಸೌದಿಯಲ್ಲಿದ್ದವನು ಊರಿನಲ್ಲಿ ಚೀಲ ಹಿಡಿಯುವುದೇ? ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ, ಹಳೆಯ ಸ್ಕೂಟರ್ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಲು ಹೋದರು. ಜಾಗ ಉಳಿಯಿತು.

ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದು ಬರೆದರೆ ಸರಿಯಾಗದು. ನಮ್ಮ ಕರಾವಳಿಯಲ್ಲಿ ಎ.ಸಿ. ಕೆಲಸ ಮಾರ್ಚ್‌ನಿಂದ ಮೇ ತನಕ. ಜೂನ್‌ನಲ್ಲಿ ಮಳೆ ಹಿಡಿದರೆ ಫೋನು ಬಾರಿಸುವುದೇ ಇಲ್ಲ. ಮೊದಲ ಮಳೆಗಾಲದಲ್ಲಿ ಬಹಳ ಕಷ್ಟಪಟ್ಟರು. ಪತ್ನಿ ಮ್ಯಾಕ್ಸಿ ಹೊಲಿದು ಕೊಟ್ಟ ಹಣದಲ್ಲೇ ಅಡುಗೆಮನೆ ನಡೆಯಿತು. ಆ ಸಾಲುಗಳೂ ನೋಟು ಪುಸ್ತಕದಲ್ಲಿವೆ. ವಾಷಿಂಗ್ ಮೆಷಿನ್, ಫ್ರಿಜ್ ರಿಪೇರಿಯನ್ನೂ ಕಲಿತ ಮೇಲೆ ಮಳೆಗಾಲದಲ್ಲೂ ಕೆಲಸ ಬರತೊಡಗಿತು. ಸೌದಿಯ ಸಂಬಳಕ್ಕೆ ಹೋಲಿಸಿದರೆ ಈಗಲೂ ಕಡಿಮೆಯೇ. ಆದರೆ ರಾತ್ರಿ ನಿದ್ದೆ ಬರುತ್ತದೆ ಎಂದು ಅವರೇ ನನ್ನೊಡನೆ ಹೇಳಿದರು.

ಮಕ್ಕಳ ಮುಂದೆ ಕಷ್ಟ ಹೇಳಿದರೆ ಅವರ ಮನಸ್ಸಿಗೆ ಪೆಟ್ಟಾಗುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಎಲ್ಲರ ಮುಂದೆ ಹೇಳಬೇಕಾಗಿಲ್ಲ. ಆರು ವರ್ಷದ ಮಗುವಿಗೆ ಸಾಲದ ಮೊತ್ತ ಬೇಡ. ಗಂಡ ಹೆಂಡಿರ ನಡುವಿನದ್ದು ಅಲ್ಲೇ ಇರಲಿ. ಆದರೆ ಮೂವತ್ತು ಮಕ್ಕಳ ಮುಂದೆ ದಿನವೂ ಕುಳಿತುಕೊಳ್ಳುವ ನಾನು ಕಂಡದ್ದನ್ನು ಹೇಳುತ್ತೇನೆ: ಮನೆಯಲ್ಲಿ ಏನೋ ಆಗಿದೆ ಎಂಬುದು ಮಗುವಿಗೆ ಗೊತ್ತಾಗದೆ ಇರುವುದಿಲ್ಲ. ಏನು ಆಗಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಆ ಖಾಲಿ ಜಾಗವನ್ನು ಅದು ತನ್ನದೇ ಕಲ್ಪನೆಯಿಂದ ತುಂಬುತ್ತದೆ, ಕಲ್ಪನೆ ಸಾಮಾನ್ಯವಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ. ಉಪ್ಪನಿಗೆ ದೊಡ್ಡ ಕಾಯಿಲೆ ಇರಬೇಕು ಎಂದುಕೊಂಡು ಒಂದು ತಿಂಗಳು ಪಾಠದ ಕಡೆ ಗಮನವೇ ಇಲ್ಲದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅವಳ ತಂದೆಗೆ ಇದ್ದದ್ದು ಸಾಲ. ಅದನ್ನು ಅವಳಿಗೆ ಎರಡು ವಾಕ್ಯಗಳಲ್ಲಿ ಹೇಳಬಹುದಿತ್ತು.

ನಿಮ್ಮ ಮನೆಯಲ್ಲೂ ಹೀಗೆ ಕುಳಿತುಕೊಳ್ಳುವ ಅಭ್ಯಾಸ ಇಲ್ಲದಿದ್ದರೆ ಕಷ್ಟ ಬಂದ ದಿನವೇ ಪ್ರಾರಂಭಿಸಲು ಕಾಯಬೇಡಿ. ಆ ದಿನ ಯಾರಿಗೂ ಮಾತು ಬರುವುದಿಲ್ಲ. ಸಣ್ಣ ವಿಷಯದಿಂದ ತೊಡಗಿ: ಈದ್‌ಗೆ ಯಾರಿಗೆ ಏನು, ಅಂಗಳದ ತೆಂಗಿನ ಮರ ಕಡಿಯಬೇಕೇ, ಅಜ್ಜಿಯನ್ನು ಯಾವ ಡಾಕ್ಟರರಿಗೆ ತೋರಿಸುವುದು. ಮನೆಯವರು ಸೌದಿಯಲ್ಲಿದ್ದರೆ ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ ಎಂಬುದು ನೆನಪಿರಲಿ. ಶುಕ್ರವಾರ ನಮ್ಮ ಅಸರ್ ನಮಾಝಿನ ಬಳಿಕ ಅವರದ್ದು ಊಟದ ಹೊತ್ತು. ಫೋನನ್ನು ಒಬ್ಬರ ಕಿವಿಗೆ ಒತ್ತಿಹಿಡಿಯದೆ ಚಾಪೆಯ ನಡುವೆ ಸ್ಪೀಕರ್ ಹಾಕಿ ಇಡಿ. ಟಿ.ವಿ. ಆರಿಸಿ. ಮತ್ತೆ, ಮೊದಲ ಸರದಿ ಕಿರಿಯರಿಗೆ ಕೊಡಿ. ಹಿರಿಯರು ಮಾತಾಡಿ ಮುಗಿಸಿದ ಮೇಲೆ ಅವರು ಬಾಯಿ ತೆರೆಯುವುದಿಲ್ಲ.